ಸಾಸಿವೆ ಬೀಳದ ಮೊಸರು ಬಜ್ಜಿ

ನನ್ನ ಮೊಮ್ಮಗಳು ಇವತ್ತು ಬೆಳಿಗ್ಗೆ ಮನೆಗೆ ಬಂದಳು. ಐದು ತಿಂಗಳ ಕೂಸು. ತವರಿನಲ್ಲಿ ಬಾಣಂತನ ಮುಗಿಸಿಕೊಂಡು ಸೊಸೆ ಮಂಜುಳಾ ಅವಳನ್ನು ಎತ್ತಿಕೊಂಡು ಹೊಸಿಲ ಮುಂದೆ ನಿಂತಾಗ, ನಾನು ಕೂಸನ್ನೇ ನೋಡುತ್ತ ಆರತಿ ತಟ್ಟೆ ವಾಲಿಸಿಬಿಟ್ಟೆ, ಕೆಂಪು ನೀರು ಅರ್ಧ ನನ್ನ ಸೀರೆಗೇ ಆಯಿತು. ಆಗಲಿ. ಇಂಥ ದಿನ ನೆನೆಯದ ಸೀರೆ ಇನ್ನು ಯಾವತ್ತು ನೆನೆಯಬೇಕು? ಮದುವೆಯಾಗಿ ಏಳು ವರ್ಷಕ್ಕೆ ಹುಟ್ಟಿದ ಮಗು. ತೊಡೆಯ ಮೇಲೆ ಮಲಗಿಸಿಕೊಂಡರೆ ಅಳಲಿಲ್ಲ, ನಗಲೂ ಇಲ್ಲ. ಹುಬ್ಬು ಗಂಟಿಕ್ಕಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೋಡಮ್ಮೋ, ನೀನು ಕೋಳಿ ನೋಡ್ತಿದ್ದಂಗೇ ನಿನ್ನ ನೋಡ್ತಾವ್ಳೆ" ಎಂದ ನನ್ನ ಮಗ ರಮೇಶ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಆಗಿನಿಂದ ತಲೆಯಲ್ಲೇ ಕೂತಿದೆ. ಈ ಮಗು ಹೊಟ್ಟೆಯಲ್ಲಿದೆ ಎಂದು ನನಗೆ ಗೊತ್ತಾದದ್ದೇ ಕೋಳಿ ರೆಕ್ಕೆಯ ಒಂದು ಗಲಾಟೆಯಲ್ಲಿ. ನಾನು ಓದಿದ್ದು ನಾಲ್ಕನೇ ಕ್ಲಾಸು. ಸಾಮಾನಿನ ಚೀಟಿ ಬಿಟ್ಟರೆ ಬೇರೆ ಬರೆದವಳಲ್ಲ. ಈ ಸಂತೋಷದಲ್ಲಿ ಇವತ್ತು ಬರೆಯದಿದ್ದರೆ ಇನ್ನು ಬರೆಯುವುದಿಲ್ಲ ಎಂದು ಮಧ್ಯಾಹ್ನ ಕೂಸು ಮಲಗಿದ ಮೇಲೆ ಕೂತಿದ್ದೇನೆ.

ಹೋದ ವರ್ಷ ನಾನು ಬಂಗಾರಪೇಟೆ ಹತ್ತಿರದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹೆಡ್ ಕುಕ್ ಆಗಿದ್ದೆ. ಮದುವೆ ಮನೆ, ಗೃಹಪ್ರವೇಶ ಎಂದು ಮೂವತ್ತು ವರ್ಷ ಸೌಟು ಹಿಡಿದ ಮೇಲೆ ಸಿಕ್ಕ ಕೆಲಸ ಅದು. ಕಾಮಸಮುದ್ರ, ಕ್ಯಾಸಂಬಳ್ಳಿ ಕಡೆಯಿಂದ ಬಸ್ಸಿನಲ್ಲಿ ಬಂದು ಹೊಲಿಗೆ ಮಾಡುವ ಹೆಣ್ಣುಮಕ್ಕಳಿಗೆ ದಿನಕ್ಕೆ ಇನ್ನೂರು ಊಟ. ಮಂಜುಳಾ ಕೂಡ ಅಲ್ಲೇ ಕಾಲರ್ ಹೊಲಿಯುತ್ತಿದ್ದಳು. ಅಡುಗೆಮನೆಯಲ್ಲಿ ಒಲೆ ನನ್ನದು. ಹೆಚ್ಚುವುದು, ತೊಳೆಯುವುದು, ಒಗ್ಗರಣೆ ಸೆಲ್ವಿಯದು. ಸೆಲ್ವಿ ಕೆ.ಜಿ.ಎಫ್. ಗಣಿಯವರ ಸಾಲುಮನೆಗಳ ಊರಿಗಾಂ ಲೈನಿನವಳು. ಮನೆಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ. ನನ್ನದು ಕಾಮಸಮುದ್ರದ ಕಡೆಯ ಊರು, ಮನೆಮಾತು ತೆಲುಗು. ಬಾಯಿಗೆ ಬಂದ ಭಾಷೆಯಲ್ಲಿ ಕೆಲಸ ನಡೆದುಹೋಗುತ್ತಿತ್ತು.

ಸೋಮವಾರ ಕ್ಯಾಂಟೀನಿನಲ್ಲಿ ಕೋಳಿ ರೆಕ್ಕೆ. ಸೋಮವಾರವೇ ಯಾಕೆ ಎಂದರೆ, ಭಾನುವಾರದ ವ್ಯಾಪಾರದಲ್ಲಿ ಕೋಳಿ ಅಂಗಡಿಯವರಿಗೆ ತೊಡೆ, ಎದೆ ಎಲ್ಲ ಹೋಗಿ ರೆಕ್ಕೆ ಉಳಿಯುತ್ತದೆ, ಅಗ್ಗಕ್ಕೆ ಸಿಗುತ್ತದೆ. ಸೋಮವಾರ ಮಾಂಸ ಮುಟ್ಟದವರು ಸಾರು, ಪಲ್ಯ, ಮೊಸರು ಬಜ್ಜಿಯಲ್ಲಿ ಊಟ ಮುಗಿಸುತ್ತಿದ್ದರು. ಮಕ್ಕಳಾಗಲೆಂದು ಹರಕೆ ಹೊತ್ತ ಮಂಜುಳಾ ಕೂಡ ಆ ಸಾಲಿನವಳೇ.

ಉಳಿದ ರೆಕ್ಕೆ ಎಂದರೆ ನನಗೆ ಹುಟ್ಟು ಅನುಮಾನ. ಅಂಗಡಿಯ ಗೋಪಿ ಚೀಲ ಇಳಿಸಿದ ತಕ್ಷಣ ಬಿಚ್ಚಿಸಿ ಮೂಸುತ್ತಿದ್ದೆ. ರೆಕ್ಕೆಯ ಮಡಿಕೆ ಬಿಡಿಸಿ ಒಳಗೆ ಬೆರಳಿಡುತ್ತಿದ್ದೆ. ಮೋಸ ಇರುವುದು ಆ ಸಂದಿಯಲ್ಲಿ. ಮೇಲೆ ಚೆನ್ನಾಗಿ ಕಂಡರೂ ಅಲ್ಲಿ ಲೋಳೆ ಬಂದಿದ್ದರೆ ಹಳೆಯದು ಎಂದೇ ಅರ್ಥ. ಒತ್ತಿದ ಗುಳಿ ಮೇಲೆ ಬರದಿದ್ದರೆ ವಾಪಸ್ಸು. ಮಂಜುಗಡ್ಡೆ ಕರಗಿ ಬೆಚ್ಚಗಾಗಿದ್ದರೂ ವಾಪಸ್ಸು.

"ಲಕ್ಷ್ಮಕ್ಕ, ನೀನು ಎಣ್ಣು ನೋಡಾಕೆ ಓಗ್ಬೇಡ, ಒಂದು ಮದ್ವೇನೂ ಆಗಾಕಿಲ್ಲ" ಎನ್ನುತ್ತಿದ್ದ ಗೋಪಿ.

ಅದೇ ಸಮಯದಲ್ಲಿ ಅಡುಗೆಯವರಿಗೆಂದು ಕೋಲಾರದಲ್ಲಿ ಒಂದು ದಿನದ ಫುಡ್ ಸೇಫ್ಟಿ ತರಬೇತಿ ಇತ್ತು. ಶನಿವಾರ ನನ್ನನ್ನು ಕಳಿಸಿದರು. ಪಾಠ ಹೇಳಿದವಳು ನನ್ನ ಮಗಳ ವಯಸ್ಸಿನ ಹುಡುಗಿ. "ಹಸಿ ಕೋಳಿಯನ್ನು ತೊಳೆಯಬೇಡಿ" ಎಂದಳು. ಹಿಂದಿನ ಸಾಲಿನಲ್ಲಿ ನಾವು ನಾಲ್ಕು ಜನ ಮುಖ ಮುಖ ನೋಡಿಕೊಂಡೆವು. ಮೂರು ನೀರಿನಲ್ಲಿ, ಅರಿಶಿನ ಉಪ್ಪು ಹಾಕಿ ಉಜ್ಜಿ ತೊಳೆಯದ ಮಾಂಸವನ್ನು ನಮ್ಮ ಕಡೆ ಮನುಷ್ಯರು ತಿನ್ನುತ್ತಾರಾ? ಅವಳು ನಕ್ಕು, ಒಂದು ರೆಕ್ಕೆಗೆ ಬಟ್ಟೆಗೆ ಹಾಕುವ ನೀಲಿ ಬಳಿದು, ಸಿಂಕಿನ ಸುತ್ತ ಬಿಳಿ ಕಾಗದ ಹಾಸಿ, ನಲ್ಲಿ ಬಿಟ್ಟು ತೊಳೆದಳು. ಆಮೇಲೆ ಕಾಗದ ಎತ್ತಿ ತೋರಿಸಿದಳು. ಮೊಳ ದೂರದವರೆಗೂ ನೀಲಿ ಚುಕ್ಕಿ. ಹಸಿ ಕೋಳಿಯಲ್ಲಿ ಇರಬಹುದಾದ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹೀಗೆ ಹಾರುತ್ತದಂತೆ. ಕೋಳಿಯ ಮೇಲೆ ಇದ್ದದ್ದು ಬೆಂಕಿಯಲ್ಲಿ ಸಾಯುತ್ತದೆ, ಪಕ್ಕದ ಸೊಪ್ಪು ತರಕಾರಿಯ ಮೇಲೆ ಹಾರಿದ್ದು ಸಾಯುವುದಿಲ್ಲ. ತೊಳೆಯುವ ಬದಲು ಪುಕ್ಕದ ಬುಡ ಕಿತ್ತು, ಪೇಪರಿನಲ್ಲಿ ಒತ್ತಿ ಒರೆಸಿ, ಆ ಪೇಪರ್ ಎಸೆಯಬೇಕು. ಹಸಿ ಕೋಳಿಗೆ ಬೇರೆ ಮಣೆ, ಬೇರೆ ಚಾಕು. ಮುಟ್ಟಿದ ಕೈಗೆ ಸೋಪು. ಬೇಯುವಾಗ ಮೂಳೆಯ ಪಕ್ಕ ಎಪ್ಪತ್ತೈದು ಡಿಗ್ರಿ ದಾಟಬೇಕು.

ನೀಲಿ ಚುಕ್ಕಿ ಕಣ್ಣಾರೆ ಕಂಡೆ. ಆದರೂ ನಿಜ ಹೇಳುತ್ತೇನೆ, ಅರ್ಧ ಮಾತ್ರ ನಂಬಿದೆ. ಆ ಹುಡುಗಿ ಮನೆಯಲ್ಲಿ ಎಂದಾದರೂ ಕೋಳಿ ಕುಯ್ದಿದ್ದಾಳೋ ಇಲ್ಲವೋ ಎಂಬ ಅನುಮಾನ ಬಸ್ಸಿನಲ್ಲಿ ಬರುವಾಗಲೂ ಇತ್ತು.

ಸೋಮವಾರ ಬೆಳಿಗ್ಗೆ ಹದಿನೆಂಟು ಕೆ.ಜಿ. ರೆಕ್ಕೆ ಬಂತು. ಮೂಸಿದೆ, ಒತ್ತಿದೆ, ಒಳ್ಳೆಯ ಮಾಲೇ. ಅಂದು ಕಾರ್ಖಾನೆಗೆ ಯಾರೋ ದೊಡ್ಡವರು ಬರುವವರಿದ್ದರು, ಊಟ ಅರ್ಧ ಗಂಟೆ ಮುಂಚೆ ಬೇಕು ಎಂದು ಹೇಳಿಕಳಿಸಿದ್ದರು. ಎಕ್ಸಾಸ್ಟ್ ಫ್ಯಾನ್ ಲಾರಿಯಂತೆ ಒದರುತ್ತಿತ್ತು. ಸಿಂಕಿನ ಒಂದು ಪಕ್ಕ ರೆಕ್ಕೆಯ ಬೋಗುಣಿ, ಇನ್ನೊಂದು ಪಕ್ಕ ಮೊಸರು ಬಜ್ಜಿಗೆ ಹೆಚ್ಚಿಟ್ಟ ಸೌತೆಕಾಯಿ, ಈರುಳ್ಳಿ, ಕೊತ್ತಂಬರಿ. ಸೆಲ್ವಿ ಅಲ್ಲೇ ನಿಂತಿದ್ದಳು. ನಾನು ಅನ್ನದ ಹಂಡೆಯಿಂದ ಅರ್ಧ ತಿರುಗಿ, ಸೌಟಿನಲ್ಲಿ ಆ ಕಡೆ ತೋರಿಸಿ ಕೂಗಿದೆ. ಅವಸರ ಬಂದರೆ ನನ್ನ ಬಾಯಲ್ಲಿ ಬರುವುದು ತೆಲುಗೇ. "ಸೆಲ್ವೀ, ದಾನ್ನಿ ಕಡಗವದ್ದು" ಎಂದೆ. ಅದನ್ನು ತೊಳೆಯಬೇಡ ಎಂದು ಅರ್ಥ.

"ಸರಿ ಅಕ್ಕಾ" ಎಂದಳು. ಎರಡನೇ ಸಲ ನಾನು ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ನಲ್ಲಿಯ ಸದ್ದು ಬಂತು. ಪಾತ್ರೆ ತೊಳೆಯುತ್ತಿದ್ದಾಳೆ ಎಂದುಕೊಂಡೆ. ಮಸಾಲೆಗೂ ಅರಿಶಿನ ಬೀಳುವುದರಿಂದ ರೆಕ್ಕೆ ಆಗಲೇ ಹಳದಿಯಾಗಿದ್ದದ್ದು ಕಂಡೂ ಅನುಮಾನ ಬರಲಿಲ್ಲ. ಚೆನ್ನಾಗಿ ಬೇಯಿಸಿದೆ, ತರಬೇತಿಯಲ್ಲಿ ಕೊಟ್ಟ ಥರ್ಮಾಮೀಟರ್ ಚುಚ್ಚಿ ಎಂಬತ್ತೆರಡು ನೋಡಿದೆ. ಬಡಿಸುವಾಗ ಮೊಸರು ಬಜ್ಜಿಯ ಮುಚ್ಚಳ ತೆಗೆದರೆ ಒಣಮೆಣಸು, ಕರಿಬೇವು ಇದೆ, ಸಾಸಿವೆ ಇಲ್ಲ. ಇವಳಿಗೇನು ಬಂತು ಎಂದು ಗೊಣಗಿದೆ. ಕ್ಯೂ ಬಾಗಿಲು ದಾಟಿತ್ತು, ಅಷ್ಟಕ್ಕೇ ಬಿಟ್ಟೆ.

ಮಂಗಳವಾರ ಬೆಳಿಗ್ಗೆ ಮಂಜುಳಾ ಹಾಸಿಗೆಯಿಂದ ಏಳಲಿಲ್ಲ. ಜ್ವರ, ವಾಂತಿ, ಭೇದಿ. ರಮೇಶ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದ, ಹಿಂದೆಯೇ ನಾನೂ ಹೋದೆ. ವಾರ್ಡಿಗೆ ಕಾಲಿಟ್ಟರೆ ನಮ್ಮ ಕಾರ್ಖಾನೆಯದೇ ಜಾತ್ರೆ. ಒಟ್ಟು ಹದಿನಾಲ್ಕು ಜನ. ಮಂಜುಳಾಗೆ ಡ್ರಿಪ್ ಹಾಕಿದ ನರ್ಸು ನನ್ನನ್ನು ಪಕ್ಕಕ್ಕೆ ಕರೆದರು.

"ನೀವು ಅತ್ತೇನಾ? ಇವರಿಗೆ ಎರಡೂವರೆ ತಿಂಗಳು. ಮನೇಲಿ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಮೂರು ತಿಂಗಳು ತುಂಬಲಿ ಎಂದು ಅವಳು ಬಾಯಿ ಬಿಟ್ಟಿರಲಿಲ್ಲ. ಏಳು ವರ್ಷ ಕಾದ ಸುದ್ದಿ ನನಗೆ ತಲುಪಿದ್ದು ಹಾಗೆ, ವಾಂತಿಯ ಬಕೆಟ್ಟಿನ ಪಕ್ಕದಲ್ಲಿ. ನನ್ನ ಕೈಯಡುಗೆ ತಿಂದು ಮಲಗಿದ್ದಾಳೆ ಎಂಬುದೂ ಅದೇ ಕ್ಷಣಕ್ಕೆ ತಲೆಗೆ ಹೊಡೆಯಿತು. ಡಾಕ್ಟರಮ್ಮ "ನೀರು ಕಡಿಮೆಯಾಗದಂತೆ ನೋಡ್ಕೋತೀವಿ, ಎರಡು ದಿನ ಇಲ್ಲೇ ಇರಲಿ" ಎಂದರು. ಮಗುವಿನ ಬಗ್ಗೆ ಕೇಳಿದ್ದಕ್ಕೆ "ನೋಡೋಣ" ಎಂದರು. ಆ "ನೋಡೋಣ"ದಷ್ಟು ಭಾರದ ಮಾತನ್ನು ನಾನು ಕೇಳಿಲ್ಲ.

ಕ್ಯಾಂಟೀನ್ ಗುತ್ತಿಗೆದಾರ ಚಲಪತಿ ಸಂಜೆಗೆ ಫೋನ್ ಮಾಡಿದರು. "ರೆಕ್ಕೆ ಕೆಟ್ಟಿತ್ತು ಅಂತ ಎಲ್ರೂ ಏಳ್ತಾವ್ರೆ. ಗುರುವಾರಕ್ಕೆ ತಪ್ಪು ಯಾರ್ದು ಅಂತ ಮ್ಯಾನೇಜರಿಗೆ ಎಸ್ರು ಕೊಡ್ಬೇಕು. ಒಬ್ರನ್ನ ತೆಗೀಲೇಬೇಕು. ನೀನೇ ಏಳು, ಯಾರ್ದು?"

ನನಗೆ ಮೊದಲು ಗೋಪಿಯ ಮೇಲೆ ಅನುಮಾನ. ಚೀಲದ ಮೇಲೆ ಒಳ್ಳೆಯದು, ಅಡಿಯಲ್ಲಿ ಹಳೆಯದು ತುಂಬಿರಬೇಕು ಎಂದುಕೊಂಡೆ. ಆಮೇಲೆ ಸೆಲ್ವಿ ನೆನಪಾದಳು. ಅವತ್ತು ಅವಳು ಕೆಲಸಕ್ಕೇ ಬಂದಿರಲಿಲ್ಲ. ಫೋನ್ ಎತ್ತುತ್ತಿಲ್ಲ. ತಪ್ಪಿಲ್ಲದವಳು ಯಾಕೆ ಅಡಗಬೇಕು? ಸಾಸಿವೆಯನ್ನೇ ಮರೆತವಳು ಇನ್ನೇನು ಮರೆತಳೋ? "ಸೆಲ್ವಿ ಮೇಲೆ ನಂಗೆ ಡೌಟು" ಎಂದುಬಿಟ್ಟೆ. ಚಲಪತಿ "ನಂಗೂ ಅದೇ" ಎಂದರು. ಅಷ್ಟು ಸುಲಭವಾಗಿ ಒಬ್ಬಳ ಅನ್ನ ತೆಗೆಯುವ ಮಾತು ಆಡಿ ಮುಗಿಸಿದ್ದೆ.

ಬುಧವಾರ ಬೆಳಿಗ್ಗೆ ಗೋಪಿಯ ಅಂಗಡಿಗೆ ಹೋದೆ. ಬಾಗಿಲಲ್ಲೇ ನಿಂತು, "ಎಂಗ್ಲಾ ಮನಸ್ಸು ಬಂತು ನಿಂಗೆ? ನನ್ ಸೊಸೆ ಡ್ರಿಪ್ ಆಕ್ಸ್ಕೊಂಡು ಮಲ್ಗವ್ಳೆ" ಎಂದೆ.

ಅವನು ಕತ್ತಿ ಕೆಳಗಿಟ್ಟ. "ಅಕ್ಕಾ, ಅದೇ ಲಾಟಿನ ರೆಕ್ಕೆ ನಮ್ಮನೇಲೂ ಸೋಮವಾರ ಸಾರು ಮಾಡವ್ರೆ. ಪಕ್ಕದ ಓಟ್ಲಿಗೂ ಕೊಟ್ಟಿವ್ನಿ. ಓಗಿ ಕೇಳು. ಒಬ್ರಾದ್ರೂ ಮಲ್ಗಿದ್ರೆ ನಾಳೆಯಿಂದ ನಾನು ಸೊಪ್ಪು ಮಾರ್ತೀನಿ. ನೀನು ಮೂಸಿ ತಗೊಂಡ ಮಾಲು ಅದು, ನಿನ್ ಮೂಗಿನ ಮೇಲೇ ಕೇಸ್ ಆಕು."

ಹೋಟೆಲಿನಲ್ಲಿ ಕೇಳಿದೆ. ಯಾರಿಗೂ ಏನೂ ಆಗಿರಲಿಲ್ಲ. ನನ್ನ ಮೂಗಿನ ಮೇಲೆ ಕೇಸ್ ಹಾಕುವುದು ಬಿಟ್ಟು ಆಸ್ಪತ್ರೆಗೆ ಬಂದೆ. ಮಂಜುಳಾ ಸ್ವಲ್ಪ ಗೆಲುವಾಗಿದ್ದಳು.

"ರೆಕ್ಕೆ ಎಷ್ಟು ತಿಂದ್ಯಮ್ಮ?" ಎಂದೆ.

"ಯಾವ ರೆಕ್ಕೆ ಅತ್ತೆ? ಸೋಮವಾರ ಅಲ್ವಾ" ಎಂದಳು.

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಹರಕೆ ನನಗೆ ಗೊತ್ತಿದ್ದದ್ದೇ, ಗಾಬರಿಯಲ್ಲಿ ಮರೆತಿದ್ದೆ. ರೆಕ್ಕೆ ಮುಟ್ಟದವಳು ರೆಕ್ಕೆಯಿಂದ ಮಲಗುವುದು ಹೇಗೆ? ಎದ್ದು ಹಾಸಿಗೆಯಿಂದ ಹಾಸಿಗೆಗೆ ಹೋದೆ, ಒಬ್ಬೊಬ್ಬರಿಗೂ ಏನು ತಿಂದಿರಿ ಎಂದು ಕೇಳಿದೆ. ಒಬ್ಬಳು "ಪೊಲೀಸ್ ಸ್ಟೇಷನ್ನಿಂದ ಬಂದ್ಯಾ ಲಕ್ಷ್ಮಕ್ಕ?" ಎಂದಳು. ಹದಿನಾಲ್ಕು ಜನರಲ್ಲಿ ಐದು ಜನ ಸೋಮವಾರದವರು, ರೆಕ್ಕೆಯ ವಾಸನೆಯನ್ನೂ ನೋಡಿಲ್ಲ. ಪಲ್ಯ ಕೆಲವರು ತಿಂದಿದ್ದರು, ಕೆಲವರು ಬಿಟ್ಟಿದ್ದರು. ಮೊಸರು ಬಜ್ಜಿ ಮಾತ್ರ ಹದಿನಾಲ್ಕೂ ಜನ ತಿಂದಿದ್ದರು.

ಬಜ್ಜಿ ಎಂದ ತಕ್ಷಣ ಆ ಸಾಸಿವೆ ಇಲ್ಲದ ಒಗ್ಗರಣೆ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ನಲ್ಲಿಯ ಸದ್ದು. ಅದರ ಹಿಂದೆ ನೀಲಿ ಚುಕ್ಕಿ.

ಮಧ್ಯಾಹ್ನದ ಬಸ್ಸಿನಲ್ಲಿ ಊರಿಗಾಂಗೆ ಹೋದೆ. ಬೇಡವೆಂದು ಹೇಳಿದ್ದರೂ ತೊಳೆದಿದ್ದಾಳೆ, ಅದರ ಮೇಲೆ ಅಡಗಿ ಬೇರೆ ಕೂತಿದ್ದಾಳೆ ಎಂದು ದಾರಿಯುದ್ದಕ್ಕೂ ಹಲ್ಲು ಕಡಿದೆ. ಲೈನಿನ ಕೊನೆಯ ಮನೆ ಅವಳದು. ಬಾಗಿಲು ತಳ್ಳಿದರೆ ಸೆಲ್ವಿ ಚಾಪೆಯ ಮೇಲೆ, ಮುಖ ಸುಣ್ಣದ ಗೋಡೆಯಂತೆ. ಪಕ್ಕದಲ್ಲಿ ಓಆರ್‌ಎಸ್ ಲೋಟ. ಅಡಗಿರಲಿಲ್ಲ, ಅವಳೂ ಮಲಗಿದ್ದಳು. ಉಳಿದ ಬಜ್ಜಿಯನ್ನು ಸೋಮವಾರ ಮನೆಗೆ ತಂದು ತಿಂದಿದ್ದಳು. ಫೋನಿನ ಚಾರ್ಜು ಮುಗಿದಿತ್ತು.

ನನ್ನ ಸಿಟ್ಟು ಬಾಗಿಲಲ್ಲೇ ಅರ್ಧ ಇಳಿಯಿತು. ಉಳಿದ ಅರ್ಧದಲ್ಲಿ ಕೇಳಿದೆ. "ಸೆಲ್ವಿ, ಸೋಮವಾರ ರೆಕ್ಕೆ ತೊಳ್ದ್ಯಾ?"

"ಆಮಾ ಅಕ್ಕಾ, ಮೂರು ನೀರು. ಯಾವಾಗ್ಲೂ ತೊಳೀತೀನಲ್ಲ."

"ಬೇಡ ಅಂತ ಕೂಗಿ ಏಳಿದ್ನಲ್ಲೇ."

ಅವಳು ಕಣ್ಣು ಬಿಟ್ಟು ನೋಡಿದಳು. "ತೊಳೀಬೇಡ ಅಂತ ಎಲ್ಲಿ ಏಳಿದ್ರಿ? ನೀವು ಏಳಿದ್ದು ಕಡುಗು ವದ್ದು ಅಂತ. ಬಜ್ಜಿ ಕಡೆ ಸೌಟು ತೋರ್ಸಿದ್ರಿ. ದೊಡ್ಡೋರು ಬತ್ತಾರೆ, ಅವ್ರಿಗೆ ಆಗಲ್ವೇನೋ ಅಂತ ನಾನು ಕಡುಗೇ ಆಕಿಲ್ಲ. ಬೇಕಾದ್ರೆ ಡಬ್ಬಿ ನೋಡಿ."

"ಕಡುಗು ಅಂದ್ರೆ ಏನೇ?"

"ಕಡುಗು ಅಕ್ಕಾ. ಒಗ್ಗರಣೆಗೆ ಸಿಡಿಯುತ್ತಲ್ಲ, ಸಾಸಿವೆ."

ತೆಲುಗಿನಲ್ಲಿ ಕಡುಗು ಎಂದರೆ ತೊಳೆ. ತಮಿಳಿನಲ್ಲಿ ಕಡುಗು ಎಂದರೆ ಸಾಸಿವೆ. ವದ್ದು ಎಂದರೆ ಬೇಡ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾನು ತೊಳೆಯಬೇಡ ಎಂದೆ. ಆ ಫ್ಯಾನಿನ ಗದ್ದಲದಲ್ಲಿ ಅವಳಿಗೆ ಸಾಸಿವೆ ಬೇಡ ಎಂದು ಕೇಳಿಸಿತು. ಹೇಳಿದ್ದನ್ನು ಅವಳು ತಪ್ಪದೆ ಮಾಡಿದ್ದಳು. ಸಾಸಿವೆ ಬಿಟ್ಟಳು, ರೆಕ್ಕೆ ತೊಳೆದಳು. ಹಾರಿದ ನೀರು ಪಕ್ಕದ ಸೌತೆಕಾಯಿಯ ಮೇಲೆ ಬಿತ್ತು, ಆ ಸೌತೆಕಾಯಿ ಸೆಕೆಯಲ್ಲಿ ಊಟದ ಹೊತ್ತಿನವರೆಗೂ ಹಾಗೇ ಇತ್ತು. ಆಮೇಲೆ ಡಾಕ್ಟರಮ್ಮನಿಗೆ ಇದನ್ನೆಲ್ಲ ಹೇಳಿದಾಗ, "ಬಜ್ಜಿ ಉಳಿದಿಲ್ಲ, ಪರೀಕ್ಷೆ ಮಾಡದೆ ಖಂಡಿತ ಅನ್ನೋಕಾಗಲ್ಲ. ಆದ್ರೆ ನೀವು ಹೇಳೋದು ಹೊಂದುತ್ತೆ" ಎಂದರು.

ಸೆಲ್ವಿಯ ಚಾಪೆಯ ಪಕ್ಕ ಕೂತು ನಾನು ಅತ್ತೆ. ಹಿಂದಿನ ದಿನ ಚಲಪತಿಗೆ ಅವಳ ಹೆಸರು ಕೊಟ್ಟದ್ದನ್ನೂ ಹೇಳಿದೆ. ಅವಳು ಗೋಡೆಗೆ ಒರಗಿ ಎದ್ದು ಕೂತಳು. ಆಮೇಲೆ, "ನಾನು ಕೆಲ್ಸ ಕಳ್ಕೊಂಡ್ರೆ ಎಲ್ಲಿ ಓಗ್ಲಿ ಅಕ್ಕಾ?" ಎಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಗುರುವಾರ ಚಲಪತಿಯ ಕೋಣೆಯಲ್ಲಿ ನಿಂತು ಎಲ್ಲ ಹೇಳಿದೆ. "ಎಸ್ರು ನನ್ದು ಬರ್ಕೊಳಿ. ಕೈ ಅವ್ಳದು, ಬಾಯಿ ನನ್ದು" ಎಂದೆ.

ಅವರು ನಂಬಲಿಲ್ಲ. "ಅವ್ಳನ್ನ ಉಳಿಸೋಕೆ ಕತೆ ಕಟ್ತಿದ್ದೀಯ. ಸಾಸಿವೆಯಂತೆ, ತೊಳ್ಯೋದಂತೆ. ಯಾರ್ ಕಿವಿಗೆ ಊವ ಇಡ್ತೀಯ?"

ಗೇಟಿನ ಕಾವಲುಗಾರ ಕೆ.ಜಿ.ಎಫ್. ಕಡೆಯ ತಮಿಳಿನವನು. ಕಿಟಕಿಯಿಂದ ಅವನನ್ನು ಕರೆದೆ. "ಲೇ ತಮ್ಮಾ, ಕಡುಗು ಅಂದ್ರೆ ಏನ್ಲಾ?"

"ಸಾಸಿವೆ. ಯಾಕಮ್ಮ, ತರ್ಬೇಕಾ? ಎಷ್ಟು?" ಎಂದ.

ಚಲಪತಿಯ ಮನೆಯಲ್ಲೂ ತೆಲುಗೇ. ಅವರು ಒಮ್ಮೆ ನನ್ನನ್ನು, ಒಮ್ಮೆ ಕಿಟಕಿಯನ್ನು ನೋಡಿದರು. ಪೆನ್ನು ಮುಚ್ಚಿ, "ಓಗು ಲಕ್ಷ್ಮಕ್ಕ. ಮ್ಯಾನೇಜರಿಗೆ ನಾನು ಏಳ್ತೀನಿ. ಮೊದ್ಲು ಆ ಸಿಂಕಿನ ಪಕ್ಕದ ಕಟ್ಟೆ ಖಾಲಿ ಮಾಡ್ಸು" ಎಂದರು.

ನಾಲ್ಕು ದಿನ ಅಡುಗೆಮನೆ ಮುಚ್ಚಿ ತೊಳೆದೆವು. ಹಸಿ ಮಾಂಸಕ್ಕೆ ಹಿತ್ತಲ ಕಡೆ ಬೇರೆ ಕಟ್ಟೆ, ಕೆಂಪು ಮಣೆ, ಕೆಂಪು ಹಿಡಿಯ ಚಾಕು ಬಂತು. ಗೋಡೆಗೆ ಕೋಳಿಯ ಚಿತ್ರ, ಪಕ್ಕದಲ್ಲಿ ನಲ್ಲಿಯ ಚಿತ್ರ, ನಲ್ಲಿಯ ಮೇಲೆ ಅಡ್ಡ ಗೆರೆ. ಅಕ್ಷರ ಬೇಡವೆಂದು ನಾನೇ ಹಟ ಮಾಡಿದೆ, ಅಕ್ಷರಕ್ಕೂ ಒಂದು ಭಾಷೆ ಇರುತ್ತದಲ್ಲ. ಹದಿನಾಲ್ಕೂ ಜನ ಎದ್ದು ಕೆಲಸಕ್ಕೆ ಬಂದರು. ಮಂಜುಳಾ ಮೂರನೇ ದಿನ ಮನೆಗೆ ಬಂದಳು. ಸ್ಕ್ಯಾನಿಂಗ್ ಮಾಡಿದ ಡಾಕ್ಟರಮ್ಮ ಈ ಸಲ "ನೋಡೋಣ" ಎನ್ನಲಿಲ್ಲ. "ನೋಡಿ" ಎಂದು ತೆರೆ ನಮ್ಮ ಕಡೆ ತಿರುಗಿಸಿದರು. ಮಂಜುಳಾಗೆ ಏಳು ತಿಂಗಳು ತುಂಬಿದಾಗ ನಾನು ಕೆಲಸ ಬಿಟ್ಟೆ. ಈಗ ಅಲ್ಲಿ ಹೆಡ್ ಕುಕ್ ಸೆಲ್ವಿ. ಗೋಪಿಯ ಚೀಲವನ್ನು ನನಗಿಂತ ಹೆಚ್ಚು ಮೂಸುತ್ತಾಳಂತೆ.

ಅಡುಗೆಯವಳಿಗೆ ಅನುಮಾನ ಇರಬೇಕು. ಚೀಲದ ಅಡಿಯ ಮೇಲೆ, ರೆಕ್ಕೆಯ ಸಂದಿಯ ಮೇಲೆ, ಮೂಳೆಯ ಪಕ್ಕದ ಕೆಂಪಿನ ಮೇಲೆ ಇರಲೇಬೇಕು. ನಾನು ಎಲ್ಲರ ಮೇಲೂ ಅನುಮಾನ ಪಟ್ಟೆ, ನನ್ನ ನಾಲಿಗೆಯ ಮೇಲೆ ಮಾತ್ರ ಪಡಲಿಲ್ಲ. ಅರ್ಧ ನಂಬಿ ಹೇಳಿದ ಮಾತು ಅರ್ಧವೇ ತಲುಪುತ್ತದೆ. ಅಂದಿನಿಂದ ಯಾರಿಗೆ ಏನು ಹೇಳಿದರೂ, "ಏನಂದೆ ಏಳು" ಎಂದು ಅವರ ಬಾಯಿಂದ ತಿರುಗಿ ಹೇಳಿಸುತ್ತೇನೆ. ಮನೆಯವರಿಗೆ ಇದು ಕಿರಿಕಿರಿ. ಇರಲಿ.

ಬರೆಯುತ್ತಿದ್ದಂತೆ ಸಂಜೆಯಾಯಿತು. ಸೆಲ್ವಿ ಊರಿಗಾಂನಿಂದ ಬಂದಳು, ಎರಡು ಕೆ.ಜಿ. ರೆಕ್ಕೆ ಗೋಪಿ ಕಳಿಸಿದ್ದ. ಹಿತ್ತಲಲ್ಲಿ ಕೂತು ಅವಳು ಪುಕ್ಕದ ಬುಡ ಕಿತ್ತು, ಪೇಪರಿನಲ್ಲಿ ಒರೆಸಿ, ಗೆಣ್ಣಿನಲ್ಲಿ ಕತ್ತರಿಸಿದಳು. ಸೋಪು ಹಾಕಿ ಕೈ ತೊಳೆದ ಮೇಲೆಯೇ ಸೌತೆಕಾಯಿ ಮುಟ್ಟಿದಳು. ಬಾಣಲೆಗೆ ಎಣ್ಣೆ ಬಿಟ್ಟು, ನನ್ನ ಕಡೆ ತಿರುಗಿ, ಮುಖ ಬಿಗಿಹಿಡಿದು ಕೇಳಿದಳು. "ಅಕ್ಕಾ, ಕಡುಗು?"

"ನಿನ್ ಭಾಷೇದಾ, ನನ್ ಭಾಷೇದಾ?" ಎಂದೆ.

"ಏನಂದೆ ಏಳು" ಎಂದು ರಮೇಶ ಹಿಂದಿನಿಂದ ನನ್ನ ದನಿಯಲ್ಲೇ ಅಣಕಿಸಿದ.

ಸಾಸಿವೆ ಸಿಡಿದ ಸದ್ದಿಗೆ ಕೂಸು ಬೆಚ್ಚಿ, ಹುಬ್ಬು ಗಂಟಿಕ್ಕಿ ಬಾಣಲೆಯ ಕಡೆ ನೋಡಿತು. ನಡುಮನೆಯಲ್ಲಿ ಎಲ್ಲರೂ ಸಾಲಾಗಿ ಕೂತೆವು. ಇವತ್ತು ಸೋಮವಾರವಲ್ಲ, ಮಂಜುಳಾ ಮೊದಲ ರೆಕ್ಕೆ ಕೈಗೆತ್ತಿಕೊಂಡಳು. ಬಜ್ಜಿಗೆ ಸಾಸಿವೆ ಒಂದು ಹಿಡಿ ಹೆಚ್ಚೇ ಬಿದ್ದಿತ್ತು. ಆದರೂ ಎಲ್ಲರೂ ಎರಡನೇ ಸಲ ಹಾಕಿಸಿಕೊಂಡರು.